ಅಜ್ಜನಲ್ಲಿ ಉಳಿದ ಮಾತು

ಚಿಪಿಚುಂಗ್, ಗರುತ್
ಸೆಪ್ಟೆಂಬರ್ ೧೫

ಪ್ರೀತಿಯ ತಿರ್ಸಾ,

ಮಾತು ನೀರಿನ ಹಾಗೆ, ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಹೀಗೆ ಶುರುವಾಗುವ ಒಂದು ಹಾಡನ್ನು ನಿನ್ನ ಅಜ್ಜ ನನಗೂ ನಿನ್ನ ಅಪ್ಪನಿಗೂ ಚಿಕ್ಕಂದಿನಲ್ಲಿ ಕಲಿಸಿದ್ದರು. ಎರಡನೆಯ ಸಾಲು ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ. ನೆನಪಿರುವ ಮೊದಲ ಸಾಲಾದರೂ ನಿಜವೇ ಎಂದು ಈಚೆಗೆ ಅನುಮಾನ. ನಮ್ಮ ಮನೆಯಲ್ಲಿ ಮಾತು ಹಾಗೆ ಹರಿದದ್ದನ್ನು ನಾನು ಕಂಡಿಲ್ಲ. ಕೆಳಗಿದ್ದ ನಾವು ಬಿಂದಿಗೆ ಹೊತ್ತ ಹಾಗೆ, ತುಳುಕದಂತೆ, ಹೆಜ್ಜೆ ನೋಡಿಕೊಂಡು ಮೇಲಿನವರ ಬಳಿಗೆ ಮಾತನ್ನು ಒಯ್ಯುತ್ತಿದ್ದೆವು. ಮೇಲಿನಿಂದ ಏನು ಹರಿದು ಬಂತು ಎಂದು ನಿನ್ನ ಅಪ್ಪನನ್ನು ಕೇಳಿದರೆ ಅವನಿಗೆ ಒಂದೇ ಉತ್ತರ ಗೊತ್ತು. ಅದನ್ನು ಮುಂದೆ ಬರೆಯುತ್ತೇನೆ.

ಮೊದಲು ನಿನ್ನ ಕ್ಷೇಮ. ಹೋದ ಸಲ ಪೇಟೆಗೆ ಇಳಿದು ಫೋನು ಮಾಡಿದಾಗ ನಿನ್ನ ದನಿ ಒಡೆದಿತ್ತು. ಸೋಎಯ ಬೆಟ್ಟದ ಚಳಿಗೆ ಗಂಟಲು ಕಟ್ಟಿದೆ ಎಂದೆ. ಜ್ವರ ಬಂತೇ? ಆಸ್ಪತ್ರೆಯಲ್ಲಿ ಊರಿನವರ ಜ್ವರ ನೋಡುವ ನರ್ಸಮ್ಮನಿಗೆ ತನ್ನ ಹಣೆ ಮುಟ್ಟಿ ನೋಡಿಕೊಳ್ಳಲು ಪುರುಸೊತ್ತಿರುವುದಿಲ್ಲ, ನನಗೆ ಗೊತ್ತು. ನೀರು ಬತ್ತಿದೆ, ದೂರದ ಬುಗ್ಗೆಯಿಂದ ಹೊರುತ್ತೀರಿ ಎಂದು ಹೇಳಿದ್ದೆ. ಕುದಿಸದೆ ಕುಡಿಯಬೇಡ. ನಿನ್ನ ಅಮ್ಮ ತೀರಿಕೊಂಡ ಮೇಲೆ ನಿನಗೆ ಇಂಥದ್ದನ್ನು ಹೇಳುವವರು ಯಾರೂ ಇಲ್ಲವಲ್ಲ ಎಂದು ಹೇಳುತ್ತಿದ್ದೇನೆ. ಅವಳು ಹೋದಾಗ ಈ ಮನೆಯಿಂದ ಒಂದು ಸಾಂತ್ವನದ ಮಾತೂ ಹೋಗಲಿಲ್ಲ. ಅದರ ಕಹಿ ನಿನ್ನಲ್ಲಿ ಇದ್ದೀತು. ಇದ್ದರೂ ನೀನು ಕೇಳಿದ್ದು "ಅತ್ತೆ, ಅಜ್ಜನ ಭಾಷೆ ನನಗೆ ಬರೆದು ಕಳಿಸಿ. ಅಪ್ಪ ಕಲಿಸಲ್ಲ ಅಂತಾರೆ. ಕ್ರಿಸ್‌ಮಸ್ ರಜಕ್ಕೆ ಬಂದಾಗ ಅಜ್ಜನ ಹತ್ರ ನಾನೇ ಮಾತಾಡ್ಬೇಕು" ಎಂದು. ಫೋನು ಇಟ್ಟವಳೇ ಕಾಗದ, ಪೆನ್ನು ಹುಡುಕಿದೆ.

ಮೊದಲು ಸ್ವರದಿಂದ ಶುರುಮಾಡೋಣ. ನಮ್ಮಲ್ಲಿ ಒಂದು ಸ್ವರವಿದೆ, ಅದು ಶಾಲೆ, ಕಚೇರಿಯಲ್ಲಿ ನಡೆಯುವ ದೇಶದ ಮಾತಿನಲ್ಲಿ ಇಲ್ಲ. ಬರೆಯುವಾಗ ಎ, ಉ ಎರಡನ್ನೂ ಪಕ್ಕಪಕ್ಕ ಬರೆಯುತ್ತೇವೆ, ಆದರೆ ನುಡಿಯುವಾಗ ಅದು ಒಂದೇ. ಉ ಎನ್ನಲು ಹೊರಡು, ತುಟಿ ಮಾತ್ರ ದುಂಡಗೆ ಮಾಡಬೇಡ. ತುಂಬಿದ ಬಿಂದಿಗೆ ಇಳಿಸಿದಾಗ ಹೊಟ್ಟೆಯಿಂದ ತಾನಾಗಿ ಒಂದು ಸದ್ದು ಬರುತ್ತದಲ್ಲ, ತುಟಿಯನ್ನು ಹಾಗೆ ಸಡಿಲ ಬಿಡು. ಕೆಂಪಿಗೆ ನಾವು ಬೆಉರೆಉಮ್ ಎನ್ನುತ್ತೇವೆ. ಎರಡು ಕಡೆಯೂ ಅದೇ ಸ್ವರ. ಹೊರಗಿನಿಂದ ಬಂದವರು ಅರ್ಧ ಆಯುಷ್ಯ ಇಲ್ಲಿ ಕಳೆದರೂ ಇದೊಂದರಲ್ಲಿ ಸಿಕ್ಕಿಬೀಳುತ್ತಾರೆ. ವ್ಯಂಜನಗಳು ನಿನಗೆ ಕಷ್ಟವಾಗುವುದಿಲ್ಲ. ಫ ಎಂಬುದು ಹುಟ್ಟಿನಿಂದ ನಮ್ಮದಲ್ಲ, ಎರವಲು ಬಂದದ್ದು, ಹಳಬರ ಬಾಯಲ್ಲಿ ಪ ಆಗುತ್ತದೆ. ಪಕ್ಕದ ಮನೆಯ ಓಯೋ ಗೊತ್ತಲ್ಲ, ನಿನ್ನ ಅಪ್ಪನ ಜೊತೆ ಶಾಲೆ ತಪ್ಪಿಸಿ ಗಾಳಿಪಟ ಹಾರಿಸಿದವನು? ಈಗ ಮೀನುಕೊಳ ನೋಡಿಕೊಂಡಿದ್ದಾನೆ. ನಿನಗೆ ಪಾಠ ಬರೆಯುತ್ತಿದ್ದೇನೆ ಎಂದು ತಿಳಿದು ಬೇಲಿಯಾಚೆಯಿಂದಲೇ ಕೂಗಿದ: "ನಮಗೆ ಫ ಬರಲ್ಲ ಅಂತ ಮಾತ್ರ ಬರೀಬೇಡಿ ಅಕ್ಕಾ! ಹಂಗಂದೋರಿಗೆ ಪೋನ್ ಮಾಡಿ ಕರೀರಿ, ಇವತ್ತೇ ಪೈಸಲ್ ಮಾಡ್ಬಿಡಣ!" ನಾನು ನಕ್ಕೆ. ಈ ಮನೆಯಲ್ಲಿ ನಗು ಈಗ ಬೇಲಿಯಾಚೆಯಿಂದ ಬಂದರೆ ಉಂಟು.

ಇನ್ನು ವ್ಯಾಕರಣ. ಹೆದರಬೇಡ, ನಮ್ಮ ಕ್ರಿಯಾಪದಕ್ಕೆ ನಿನ್ನೆ, ಇಂದು, ನಾಳೆ ಎಂಬ ವೇಷಗಳಿಲ್ಲ. ದಹರ್ ಎಂದರೆ ಉಣ್ಣುವುದು. ಉಂಡದ್ದೂ ಅದೇ, ಉಣ್ಣುವುದೂ ಅದೇ. ಮುಗಿದಿದೆ ಎಂದು ಹೇಳಬೇಕಾದರೆ ಮುಂದೆ ಗೆಉಸ್ ಎಂಬ ಚಿಕ್ಕ ಪದ ಇಡು. ಗೆಉಸ್ ದಹರ್, ಊಟ ಆಗಿದೆ. ಬಹುವಚನ ಮಾತ್ರ ನಮ್ಮಲ್ಲಿ ವಿಚಿತ್ರ. ಬೇರೆಯವರು ಅದನ್ನು ಪದದ ಬಾಲಕ್ಕೆ ಕಟ್ಟುತ್ತಾರೆ, ನಾವು ಹೊಟ್ಟೆಯೊಳಗೆ ಇಡುತ್ತೇವೆ. ಬುದಕ್ ಎಂದರೆ ಮಗು. ನಡುವೆ ಅರ್ ಸೇರಿಸಿದರೆ ಬರುದಕ್, ಮಕ್ಕಳು. ಹೆಸರಿಗಷ್ಟೇ ಅಲ್ಲ, ಕ್ರಿಯೆಗೂ ಹೀಗೆಯೇ. ದಾತಂಗ್ ಎಂದರೆ ಬರುವುದು, ಬಹಳ ಮಂದಿ ಬಂದರೆ ದರಾತಂಗ್. ಬಂದವರು ಯಾರೆಂದು ಹೇಳದಿದ್ದರೂ ಆ ಒಂದು ಪದದೊಳಗೆ ಮನೆ ತುಂಬಿರುತ್ತದೆ. ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಹಬ್ಬದ ಹಿಂದಿನ ದಿನ ಬಾಗಿಲಲ್ಲಿ ನಿಂತು ಅದನ್ನು ಎಷ್ಟು ಉದ್ದ ಎಳೆದು ಹೇಳುತ್ತಿದ್ದಳು! ಈ ಮನೆಯಲ್ಲಿ ಆ ಪದ ಬಳಸುವ ಸಂದರ್ಭ ಬಂದು ಬಹಳ ಕಾಲವಾಯಿತು.

ಇಷ್ಟು ಕಲಿತರೆ ಭಾಷೆ ಬಂದಂತೆ ಎಂದುಕೊಳ್ಳಬೇಡ. ಕಷ್ಟ ಇರುವುದು ಮೆಟ್ಟಿಲುಗಳಲ್ಲಿ. ನಮ್ಮವರೇ ಅದನ್ನು ಮಾತಿನ ಮೆಟ್ಟಿಲು ಎಂದು ಕರೆಯುತ್ತಾರೆ. ಉಣ್ಣುವುದಕ್ಕೆ ದಹರ್ ಎಂದೆನಲ್ಲ, ಅದು ಸರೀಕರ ಮಾತು. ಹಿರಿಯರ ಮುಂದೆ ನನ್ನ ಊಟದ ಬಗ್ಗೆ ಹೇಳಬೇಕಾದರೆ ನೆದ, ಅದು ತಗ್ಗಿದ ಮಾತು. ಅವರ ಊಟದ ಬಗ್ಗೆ ಕೇಳಬೇಕಾದರೆ ತುವಂಗ್, ಅದು ಎತ್ತಿದ ಮಾತು. ನಾಯಿ, ಕೋಳಿಗೆ ಬೇರೆಯೇ ಇದೆ, ಸಿಟ್ಟು ಬಂದಾಗ ಮನುಷ್ಯರಿಗೂ ಅದನ್ನೇ ಎಸೆಯುತ್ತಾರೆ. ನನ್ನ ಮನೆಗೊಂದು ಪದ, ನಿಮ್ಮ ಮನೆಗೊಂದು. ನನ್ನ ಕಾಯಿಲೆಗೊಂದು, ನಿಮ್ಮ ಕಾಯಿಲೆಗೊಂದು. ನಾನು ಎನ್ನುವುದಕ್ಕೂ ಮೆಟ್ಟಿಲಿದೆ. ಅಪ್ಪನ ಮುಂದೆ ನಾನು ಅಬ್ದಿ, ಅಂದರೆ ನಿಮ್ಮ ಆಳು. ತೀರ ಕೆಳಗಿನ ಮೆಟ್ಟಿಲಲ್ಲಿ ಐಂಗ್ ಇದೆ, ಅದರ ಜೋಡಿ ಸಿಯಾ, ಅಂದರೆ ನೀನು. ಇವೆರಡೂ ನಮ್ಮ ಗರುತ್‌ನಲ್ಲಿ ಬೈಗುಳ ಸಮಾನ. ಸಂತೆಯಲ್ಲಿ ಹೊಡೆದಾಟಕ್ಕೆ ಮೊದಲು ಕೇಳಿಬರುವ ಪದಗಳು. ತಪ್ಪು ಮೆಟ್ಟಿಲಲ್ಲಿ ಕಾಲಿಟ್ಟೇವು ಎಂಬ ಹೆದರಿಕೆಗೆ ಇಲ್ಲಿನ ಎಷ್ಟೋ ಮಕ್ಕಳು ಈ ಭಾಷೆಯನ್ನೇ ಬಿಟ್ಟು ದೇಶದ ಮಾತಿಗೆ ಓಡಿಹೋಗಿದ್ದಾರೆ. ಅವರನ್ನು ದೂರಲಾರೆ. ಕಲಿಯಬೇಕೆಂದು ನೀನು ಕೇಳುತ್ತಿರುವುದೇ ನನಗೆ ಆಶ್ಚರ್ಯ.

ನಿನ್ನ ಅಜ್ಜ ಈ ಮೆಟ್ಟಿಲುಗಳ ಮೇಷ್ಟ್ರು. ಶಾಲೆಯಲ್ಲಿ ಬದುಕಿಡೀ ಇದನ್ನೇ ಕಲಿಸಿದರು. ಸುತ್ತಲ ಊರುಗಳಲ್ಲಿ ಹೆಣ್ಣು ಕೇಳಲು ಹೋಗುವವರು ಇವರನ್ನೇ ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ನಿಶ್ಚಯಕ್ಕೆ ಮೊದಲು ಹುಡುಗನ ಕಡೆಯವರು ಹೋಗಿ ಹುಡುಗಿಯ ಮನೆಯಲ್ಲಿ ಮಾತು ಇಟ್ಟು ಬರುವುದು ಪದ್ಧತಿ. ಒಡವೆ ಇಟ್ಟ ಹಾಗೆ ಬರೀ ಮಾತನ್ನು ಇಡುವುದು. ಅಜ್ಜ ಮಾತು ಇಟ್ಟ ಮನೆಯಲ್ಲಿ ಯಾರೂ ಆಗದು ಎನ್ನುತ್ತಿರಲಿಲ್ಲ. ಊರ ಅರ್ಧ ಸಂಸಾರಗಳು ಅವರ ನಾಲಿಗೆಯ ಮೇಲೆ ನಿಂತಿವೆ. ತನ್ನ ಮಗನಿಗಾಗಿ ಮಾತ್ರ ಅವರು ಎಲ್ಲಿಯೂ ಮಾತು ಇಡಲಿಲ್ಲ. ನಿನ್ನ ಅಪ್ಪ ಗುಮಿಲಾರ್ ನಿನ್ನ ಅಮ್ಮನ ಫೋಟೋ ತಂದು ಮೇಜಿನ ಮೇಲಿಟ್ಟು, ಇವಳನ್ನು ಮದುವೆಯಾಗುತ್ತೇನೆ, ಇವಳು ಚರ್ಚಿಗೆ ಹೋಗುವವಳು, ನಾನೂ ಮಸೀದಿ ಬಿಟ್ಟು ಅಲ್ಲಿಗೇ ಸೇರುತ್ತೇನೆ ಎಂದ. ಅಜ್ಜ ಎದ್ದು, ಈ ಮನೆಯಲ್ಲಿ ನಾವು ಯಾರೂ ಅದುವರೆಗೆ ಅವರ ಬಾಯಲ್ಲಿ ಕೇಳಿರದ ಎರಡು ಪದಗಳನ್ನು ಒಂದೇ ವಾಕ್ಯದಲ್ಲಿ ಹೇಳಿದರು. ಸಿಯಾ ಲಾಇನ್ ಅನಕ್ ಐಂಗ್. ನೀನು ನನ್ನ ಮಗನಲ್ಲ. ಕೂಗಲಿಲ್ಲ, ಪಾಠ ಹೇಳುವ ದನಿಯಲ್ಲೇ ಹೇಳಿದರು. ನಿನ್ನ ಅಪ್ಪ ಫೋಟೋ ಎತ್ತಿಕೊಂಡು ಸಮುದ್ರದಾಚೆಯ ಕೂಪಂಗ್‌ಗೆ ಹೋದ, ಮತ್ತೆ ಬರಲಿಲ್ಲ. ನಿನಗೆ ಅವನು ಇದನ್ನು ಹೇಳಿರಲಾರ. ಅವನು ಭಾಷೆ ಕಲಿಸದಿರುವುದು ನಿನ್ನ ಮೇಲಿನ ಅಸಡ್ಡೆಯಿಂದಲ್ಲ ಎಂದು ನಿನಗೆ ತಿಳಿಯಲಿ ಎಂದು ಬರೆದೆ.

ಪಾರ್ಶ್ವವಾಯು ಬಡಿದ ಮೇಲೆ ಅಜ್ಜನ ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಬಂದ ಕೆಲವು ವಾರಕ್ಕೆ ಮಾತು ಚೂರುಚೂರಾಗಿ ತಿರುಗಿ ಬಂತು. ಬಂದದ್ದು ಅವರು ಕಲಿಸಿದ ಮಾತಲ್ಲ. ಎತ್ತಿದ ಮಾತೂ ಇಲ್ಲ, ತಗ್ಗಿದ ಮಾತೂ ಇಲ್ಲ, ದೇಶದ ಮಾತಂತೂ ಒಂದಕ್ಷರವಿಲ್ಲ. ಉಳಿದದ್ದು ಐಂಗ್, ಸಿಯಾ ಮತ್ತು ಅವುಗಳ ಸುತ್ತಲ ಒಂದು ಹಿಡಿ ಪದ. ಹಳೆಯ ಹೆಡ್‌ಮಾಸ್ತರು ಮಸೀದಿಯ ಹಿರಿಯರ ಜೊತೆ ನೋಡಲು ಬಂದರು. ಅಜ್ಜ ಅವರನ್ನು ಮೇಲಿಂದ ಕೆಳಗೆ ನೋಡಿ, ಯಾವನೋ ಸಿಯಾ ಎಂದುಬಿಟ್ಟರು. ಹೆಡ್‌ಮಾಸ್ತರ ಮುಖ ಸುಟ್ಟ ಬದನೆಕಾಯಿಯಾಯಿತು. ಓಯೋ ನಗು ತಡೆಯಲಾರದೆ ಅಡುಗೆಮನೆಗೆ ಓಡಿ ಬಂದು, "ಮೇಷ್ಟ್ರು ಕೊನೇಗೂ ನಮ್ ಕ್ಲಾಸಿಗೆ ಬಂದ್ರು ಅಕ್ಕಾ, ಹಿಂದಿನ ಬೆಂಚಿಗೆ!" ಎಂದ. ನನಗೆ ನಗು ಬರಲಿಲ್ಲ. ಆಮೇಲೆ ಬಂದವರಿಗೆಲ್ಲ ಅವರು ಮಲಗಿದ್ದಾರೆ ಎಂದು ಹೇಳಿ ಬಾಗಿಲಿಂದಲೇ ಕಳಿಸತೊಡಗಿದೆ. ಅವರ ಮಾನ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಆ ದಿನಗಳಲ್ಲೇ ನಿನ್ನ ಒತ್ತಾಯಕ್ಕೆ ನಿನ್ನ ಅಪ್ಪ ಫೋನು ಮಾಡಿದ್ದು. ಇಷ್ಟು ವರ್ಷಗಳ ಮೇಲೆ ಮೊದಲ ಸಲ. ಅಜ್ಜನ ಕಿವಿಗೆ ಫೋನು ಹಿಡಿದು, ಗುಮಿಲಾರ್, ಕೂಪಂಗ್‌ನಿಂದ ಎಂದೆ. ಅವರ ಇಡೀ ಮುಖ ಒಂದು ಕಡೆಗೆ ಎಳೆಯಿತು. ಸಿಯಾ ಎಂದರು. ಮುಂದಿನ ಪದಕ್ಕೆ ಉಸಿರು ಕೂಡಿಸಿಕೊಳ್ಳಲು ಅವರಿಗೆ ಹೊತ್ತು ಬೇಕು. ಆ ಹೊತ್ತನ್ನು ನಿನ್ನ ಅಪ್ಪ ಕೊಡಲಿಲ್ಲ. ಲೈನು ಸತ್ತಿತು. ಅಜ್ಜ ಸತ್ತ ಫೋನಿಗೇ ವಾಕ್ಯ ಮುಗಿಸಿದರು. ಸಿಯಾ ಗೆಉಸ್ ದಹರ್? ನೀನು ಉಂಡೆಯಾ? ಅಷ್ಟೇ ಅವರು ಕೇಳಬೇಕೆಂದಿದ್ದುದು. ನಾನು ತಿರುಗಿ ಮಾಡಿದರೆ ಎತ್ತಲಿಲ್ಲ. ಸಂಜೆ ಒಂದು ಸಂದೇಶ ಬಂತು. "ಅಕ್ಕ, ಬದಲಾಗಿದಾರೆ ಅಂತ ನೀವೆಲ್ಲ ಹೇಳಿದ್ರಿ. ಅದೇ ಪದ. ಸಾಕು ಬಿಡಿ." ಅಲ್ಲಿಂದೀಚೆಗೆ ನನ್ನ ಯಾವ ಕರೆಯೂ ಅವನಿಗೆ ಮುಟ್ಟುತ್ತಿಲ್ಲ.

ಅದಾದ ಮೇಲೆ ಅಜ್ಜನ ಅಕ್ಕ ಸರ್ನಾಹ್ ಬಂದರು. ದೂರದ ಬಾಂತೆನ್‌ನ ದಕ್ಷಿಣದ ಮೂಲೆ ಅವರದು, ಅಜ್ಜ ಹುಟ್ಟಿದ ಊರು. ಹಿಂದೆಂದೂ ಇಲ್ಲಿಗೆ ಬಂದವರಲ್ಲ. ಒಣ ಎಲೆಯಲ್ಲಿ ಸುತ್ತಿದ ತಾಳೆಬೆಲ್ಲ ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದು ಬಂದವರೇ ಮಂಚದ ಮೇಲೆ ಕೂತು ತಮ್ಮನ ತೊಡೆಗೆ ಪಟ್ಟನೆ ಹೊಡೆದು, "ಲೇ, ಬಂದೆ ಕಣೋ ನಾನು! ಏನಾಯ್ತೋ ನಿಂಗೆ, ಮುದಿ ಕೋಣ?" ಎಂದರು. ಐಂಗ್, ಸಿಯಾ ಎರಡೂ ಅದರಲ್ಲಿದ್ದವು. ನಾನು ಬೆಚ್ಚಿದೆ. ಅಜ್ಜ ಅರ್ಧ ಮುಖದಲ್ಲಿ ನಕ್ಕರು. ಆಮೇಲೆ ಇಬ್ಬರೂ ಸಂಜೆಯವರೆಗೆ ಅದೇ ಮಾತಿನಲ್ಲಿ, ಸತ್ತ ಎಮ್ಮೆಗಳು, ಬಿದ್ದ ಮರಗಳು, ಹೊಳೆಯಲ್ಲಿ ಕಳೆದ ಚಡ್ಡಿ ಎಲ್ಲವನ್ನೂ ಹರಟಿದರು. ಬಾಯಿ ತೆರೆದು ನಿಂತಿದ್ದ ನನ್ನನ್ನು ನೋಡಿ ಸರ್ನಾಹ್ ಅತ್ತೆ, "ಯಾಕೇ ಹಂಗ್ ನೋಡ್ತೀಯ? ನಮ್ ಕಡೆ ಊರ ಮುಖ್ಯಸ್ಥಂಗೂ ಹಸುಗೂಸಿಗೂ ಒಂದೇ ಮಾತು. ನೀವು ಈ ಕಡೆಯೋರು ಮನೆಗ್ ಸಾಲ್ದು ಅಂತ ಮಾತಿಗೂ ಮೆಟ್ಲು ಕಟ್ಕೊಂಡಿದೀರಿ. ಇವನು ಹುಡುಗನಾಗಿ ಇಲ್ಲಿಗ್ ಓದೋಕ್ ಬಂದಾಗ ಐಂಗ್ ಅಂದಿದ್ದಕ್ಕೆ ಜೊತೇಲಿದ್ದೋರು ಕಾಡುಹಂದಿ ಅಂತ ಕರೀತಿದ್ರಂತೆ. ಆಮೇಲೆ ಊರಿಗ್ ಬಂದ್ರೂ ನಮ್ ಹತ್ರ ಬಾಯೇ ಬಿಡ್ತಿರ್ಲಿಲ್ಲ" ಎಂದರು. ಅಜ್ಜ ಆಳದಲ್ಲಿ ಮಡಿಸಿಟ್ಟ ತಮ್ಮ ಅವ್ವನ ಮಾತೇ ರೋಗ ಮುಟ್ಟದೆ ಉಳಿದಿತ್ತು, ತಿರ್ಸಾ. ಉಳಿದೆಲ್ಲ ಅವರು ಕಷ್ಟಪಟ್ಟು ಸಂಪಾದಿಸಿದ್ದು, ಅದು ಹೋಯಿತು. ಮದುವೆ ಮಾತಿನ ದಿನ ಅವರು ಆ ಪದಗಳನ್ನು ಗರುತ್‌ನವರಂತೆ, ನೋಯಿಸಲೆಂದೇ ಹೇಳಿದರು. ಅದನ್ನು ಮುಚ್ಚಿ ಹೇಳಲಾರೆ. ಫೋನಿನಲ್ಲಿ ಹೇಳಿದ್ದು ಆ ಪದ ಅಲ್ಲ. ಅದು ಅವರ ಅವ್ವನದು.

ಅವ್ವನ ಸುದ್ದಿ ಬಂತಲ್ಲ, ಅದನ್ನೂ ಹೇಳಬೇಕು. ಹೊಲದಿಂದ, ಹೊಳೆಯಿಂದ ಮಕ್ಕಳು ಒಬ್ಬೊಬ್ಬರಾಗಿ ಬರುವಾಗ ಅವರು ಹೊಸಿಲಲ್ಲಿ ನಿಂತು ಉಂಡೆಯಾ ಎಂದು ಕೇಳುತ್ತಿದ್ದರಂತೆ. ಕೊನೆಯ ಮಗು ಆಯಿತು ಎನ್ನುವವರೆಗೆ ತಾವು ಒಂದು ತುತ್ತು ಬಾಯಿಗಿಡುತ್ತಿರಲಿಲ್ಲವಂತೆ. ಆ ಕಡೆಯ ತಾಯಂದಿರ ರೂಢಿ ಅದು ಎಂದರು ಸರ್ನಾಹ್ ಅತ್ತೆ. ಅಜ್ಜ ಈಗ ಅದನ್ನೇ ಹಿಡಿದಿದ್ದಾರೆ. ನಾನು ಗಂಜಿಯ ಬಟ್ಟಲು ತಂದರೆ ಬಾಗಿಲ ಕಡೆ ನೋಡುತ್ತಾ ಕೇಳುತ್ತಾರೆ, ಗುಮಿಲಾರ್, ಸಿಯಾ ಗೆಉಸ್ ದಹರ್? ಉತ್ತರ ಬರದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಮೊದಮೊದಲು ನಾನು ನನ್ನ ತಗ್ಗಿದ ಮಾತಿನಲ್ಲಿ, ಆಯಿತು, ಅವನದು ಆಯಿತು, ತಾವು ಸ್ವೀಕರಿಸಬೇಕು ಎನ್ನುತ್ತಿದ್ದೆ. ಯಾರೋ ನೆಂಟರ ಹೆಂಗಸು ಬಂದು ಉಪಚಾರ ಹೇಳಿದಂತೆ ನೋಡುತ್ತಿದ್ದರು. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಐಂಗ್ ಎನ್ನಲು ಅಭ್ಯಾಸ ಮಾಡಿದೆ. ನಗಬೇಡ, ಈ ವಯಸ್ಸಿನಲ್ಲಿ ಮೈ ಬೆವೆತಿತು. ಹೋಗಿ ಹೇಳಿದೆ ಕೂಡ. ಅವರು ಎಡಗೈಯಿಂದ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಸರ್ನಾಹ್ ಅತ್ತೆ ಇರುವಷ್ಟು ದಿನ ಗದರಿಸಿ ಒಂದಿಷ್ಟು ತಿನ್ನಿಸಿದರು, ಅವರೂ ಹೋದರು. ಅಜ್ಜ ಈಗ ತೀರ ಹಗುರಾಗಿದ್ದಾರೆ. ಹೊದಿಕೆ ಬದಲಾಯಿಸುವಾಗ ನಾನೊಬ್ಬಳೇ ಎತ್ತಬಲ್ಲೆ. ಡಾಕ್ಟರು ಮೂಗಿನಲ್ಲಿ ನಳಿಕೆ ಹಾಕೋಣ ಎಂದರು. ಹಾಕಿದ್ದನ್ನು ಅವರೇ ಕಿತ್ತರು.

ಆದ್ದರಿಂದ ನಿನಗೆ ಈ ಪಾಠ. ಪುಸ್ತಕದಲ್ಲಿರುವ ಅಂದದ ಮಾತು ಕಲಿಯಲು ನಿನಗೆ ಮುಂದೆ ಕಾಲವಿದೆ. ನಿನ್ನ ಅಪ್ಪನಿಗೆ ಆ ಪದ ಕೇಳಿದರೆ ಗಾಯ ತೆರೆಯುತ್ತದೆ, ನನಗೆ ನಾಲಿಗೆ ಏಳುವುದಿಲ್ಲ. ಇಬ್ಬರೂ ಅಜ್ಜ ಕಟ್ಟಿದ ಮೆಟ್ಟಿಲ ಮೇಲೆ ಬೆಳೆದವರು. ನೀನು ಆ ಮನೆಯಲ್ಲಿ ಬೆಳೆಯಲಿಲ್ಲ. ನಿನ್ನ ಬಾಯಲ್ಲಿ ಅದು ಬರೀ ಒಂದು ಪದ. ಹೆದರದೆ ನಿನ್ನ ಅಪ್ಪನ ಮುಂದೆ ಕೂತು, ಅಜ್ಜ ಆ ಸತ್ತ ಫೋನಿಗೆ ಹೇಳಿದ ವಾಕ್ಯವನ್ನು ಕೊನೆಯ ಪದದವರೆಗೂ ಹೇಳಿಬಿಡು.

ಗಂಟಲಿಗೆ ಶುಂಠಿ ಕುದಿಸಿ ಕುಡಿ. ನಿನ್ನ ಆಸ್ಪತ್ರೆಯ ತಾಯಂದಿರಿಗೂ ಕೂಸುಗಳಿಗೂ ನನ್ನ ಶುಭ ಹಾರೈಕೆ. ನೀನು ನಂಬುವ ದೇವರೂ ನಾನು ನಂಬುವ ದೇವರೂ ನಿನ್ನನ್ನು ಆ ಒಣ ಬೆಟ್ಟದಲ್ಲಿ ಕಾಯಲಿ. ಅವರಿಬ್ಬರ ನಡುವೆ ಜಗಳ ಇದೆ ಎಂದು ನನಗೆ ಯಾವತ್ತೂ ಅನಿಸಿಲ್ಲ.

ನಿನ್ನ ಅತ್ತೆ,
ನೆಂದೆನ್

ತಾ.ಕ.: ಅಂಟು ಹಚ್ಚುವುದರೊಳಗೆ ಮತ್ತೆ ಬಿಚ್ಚಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಓಯೋ ಈ ಕಾಗದವನ್ನು ಅಂಚೆಗೆ ಒಯ್ಯಲು ಬಂದು ಬಾಗಿಲ ಹೊರಗೆ ನಿಂತಿದ್ದ. ನಾನು ಬಟ್ಟಲು ಹಿಡಿದು ಮಂಚದ ಹತ್ತಿರ ಇದ್ದೆ. ಅಜ್ಜ ಎಂದಿನಂತೆ ಬಾಗಿಲ ಪರದೆಯ ಕಡೆ ನೋಡಿ ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಹೊರಗಿನಿಂದ ಗಟ್ಟಿಯಾಗಿ ಬಂತು: "ಐಂಗ್ ಗೆಉಸ್ ದಹರ್, ಅಪ್ಪಾ! ಹೊಟ್ಟೆ ಬಿರಿಯ ಉಂಡಿದೀನಿ. ನೀನು ಉಣ್ಣು!" ಓಯೋ ತಮಾಷೆಯ ದನಿಯಲ್ಲಿ ಹೇಳಲಿಲ್ಲ. ಅಜ್ಜ ಪರದೆಯನ್ನೇ ನೋಡಿದರು. ಕಣ್ಣಿಂದ ನೀರು ಇಳಿಯಿತು, ಬಾಯಿ ತೆರೆದರು. ಬಟ್ಟಲು ಖಾಲಿಯಾಗುವವರೆಗೆ ತೆರೆದರು. ಮಗ ಬಂದ ಎಂದುಕೊಂಡು ಈಗ ನಿದ್ದೆ ಹೋಗಿದ್ದಾರೆ. ಅವರು ಉಂಡರೆಂದು ಸಂತೋಷಪಡಬೇಕು, ನನ್ನಿಂದ ಆಗುತ್ತಿಲ್ಲ. ಮೇಲೆ ಬರೆದ ವ್ಯಾಕರಣವನ್ನೆಲ್ಲ ಮರೆತುಬಿಡು. ಕಾಗದ ಸಿಕ್ಕ ದಿನವೇ ಪೇಟೆಗೆ ಇಳಿದು ನಿನ್ನ ಅಪ್ಪನಿಗೆ ಹೇಳು. ಕ್ಷಮಿಸು ಎಂದು ಯಾರೂ ಕೇಳುತ್ತಿಲ್ಲ, ಸಿಟ್ಟನ್ನು ಅವನೇ ಇಟ್ಟುಕೊಳ್ಳಲಿ. ಊಟ ಆಗಿದೆ ಎಂದು ತನ್ನ ಬಾಯಿಂದ ಹೇಳಿ ಹೋಗಲಿ, ಅಷ್ಟೇ. ಓಯೋ ಹೊಸಿಲಾಚೆ ಕಾಯುತ್ತಿದ್ದಾನೆ, ಅದಕ್ಕೇ ಅವಸರ. ಒಳಗೆ ಬಾ, ಒಂದು ಲೋಟ ಚಹಾ ಕುಡಿ ಎಂದು ಕರೆದೆ. ಅವನು ಹಿಂದಕ್ಕೆ ಸರಿದು, ದನಿ ತಗ್ಗಿಸಿ ಹೇಳಿದ: "ಬೇಡ ಅಕ್ಕಾ, ಒಳಗೆ ಕರೀಬೇಡಿ. ನಾಳೆನೂ ಇಲ್ಲೇ ನಿಂತ್ಕೊಂಡು ಹೇಳ್ತೀನಿ. ಮುಖ ಕಂಡ್ರೆ ಮಗ ಅಲ್ಲ ಅಂತ ಗೊತ್ತಾಗ್ಬಿಡುತ್ತೆ."